ನಾಲ್ಕನೇ ಹಾಡಿನ ಮೂವತ್ತೇಳು ಟೇಕುಗಳು

ಅಣ್ಣನ ಎಡಗೈಯ ಉಂಗುರ ಬೆರಳು ಮೊದಲ ಸಲ ತಾನಾಗಿಯೇ ಮಡಚಿಕೊಂಡ ದಿನ ನನ್ನ ಡೈರಿಯಲ್ಲಿ ಇಲ್ಲ. ಆ ವಾರದ ಪುಟಗಳಲ್ಲಿ ಬೇರೆಲ್ಲ ಇದೆ: ನಾನು ಕೆಲಸ ಮಾಡುವ ಹಾಲಿನ ಡೇರಿಗೆ ಎರಡು ಹೊತ್ತು ಬಂದ ಹಾಲಿನ ಲೀಟರು, ಆನೇಮಹಲ್‌ನ ನಮ್ಮ ಮನೆಗೆ ಕರೆಂಟು ಹೋದ ಗಂಟೆಗಳು, ನಾನು ಬೇಸ್ ಗಿಟಾರ್ ನುಡಿಸಿದ ನಿಮಿಷಗಳು. ಬೆರಳಿನ ಮೊದಲ ನಮೂದು ಜುಲೈ ಎರಡರದು. "ಅಣ್ಣ ಅಭ್ಯಾಸದ ನಡುವೆ ನಿಲ್ಲಿಸಿದ, ಮೂರು ಸಲ. ಬೆರಳು ಸೆಳೆಯುತ್ತಿದೆ ಅಂದ." ಅಷ್ಟೇ. ಸೆಳೆತ ಎಂದರೆ ನಾಲ್ಕು ದಿನಕ್ಕೆ ಹೋಗುವಂಥದ್ದು ಎಂದುಕೊಂಡು ಅದಕ್ಕೊಂದು ಬೇರೆ ಕಾಲಂ ಹಾಕಿರಲಿಲ್ಲ. ಆಗಸ್ಟ್ ಹೊತ್ತಿಗೆ ಹಾಕಿದೆ.

ಗಿಟಾರ್ ಹಿಡಿದಾಗ ಮಾತ್ರ ಅದು ಬರುತ್ತಿತ್ತು. ಊಟದ ನಡುವೆ ನೀರಿನ ಲೋಟ ಎತ್ತುವಾಗ, ಬೈಕಿನ ಕ್ಲಚ್ ಹಿಡಿಯುವಾಗ, ಅವನು ಲೆಕ್ಕ ಬರೆಯುವ ರೈಟರ್ ಆಗಿದ್ದ ಎಸ್ಟೇಟಿನಲ್ಲಿ ಹಾಜರಿ ಪುಸ್ತಕ ಹಿಡಿದುಕೊಳ್ಳುವಾಗ ಬೆರಳು ಎಲ್ಲರ ಬೆರಳಿನ ಹಾಗೇ ಇರುತ್ತಿತ್ತು. ತಂತಿಯ ಮೇಲೆ ಇಟ್ಟ ಕೂಡಲೇ ಉಂಗುರ ಬೆರಳು ಅಂಗೈಯೊಳಕ್ಕೆ ಸರಿಯುತ್ತಿತ್ತು, ಅದರ ಹಿಂದೆ ಕಿರುಬೆರಳು. ನೋವಿಲ್ಲ, ಊತವಿಲ್ಲ. ಹಾಸನದ ನರರೋಗದ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಕೈಯಲ್ಲಿ ಏನೂ ದೋಷವಿಲ್ಲ, ಮೆದುಳು ಆ ಬೆರಳುಗಳಿಗೆ ಕಳಿಸುವ ಸಂದೇಶ ಕೆಟ್ಟಿದೆ ಎಂದರು. ವರ್ಷಗಟ್ಟಲೆ ಒಂದೇ ಚಲನೆ ಮಾಡುವವರಿಗೆ ಬರುತ್ತದಂತೆ. ಕೆಲವರಿಗೆ ಸ್ವಲ್ಪ ಸುಧಾರಿಸುತ್ತದೆ, ಬಹಳ ಜನಕ್ಕೆ ಇಲ್ಲ. "ಗಿಟಾರ್ ಒಂದು ಬಿಟ್ಟರೆ ನಿಮಗೆ ಯಾವ ಕೆಲಸಕ್ಕೂ ತೊಂದರೆ ಇಲ್ಲ" ಎಂದು ಅವರು ಸಮಾಧಾನವಾಗಿಯೇ ಹೇಳಿದರು. ಅಣ್ಣ ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳಲು ತುಂಬ ಹೊತ್ತು ತೆಗೆದುಕೊಂಡ.

ಮನೆಯಲ್ಲಿ ಯಾರಿಗೂ ಇದು ಕಾಯಿಲೆ ಎಂದು ಅನಿಸಲೇ ಇಲ್ಲ. ಹೆಗ್ಗದ್ದೆಯಿಂದ ದೊಡ್ಡಪ್ಪ ಬಂದಿದ್ದಾಗ ಅಣ್ಣನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಗುದ್ಲಿ ಹಿಡಿಯಾಕ್ ಬತ್ತದೆ, ಗಿಟಾರ್ ಹಿಡಿಯಾಕ್ ಬರಲ್ಲ ಅಂದ್ರೆ ಇದು ಸೋಮಾರಿ ಕಾಯಿಲೆ ಉಲ್ಟಾ ಆದಂಗಾಯ್ತಲ್ಲೋ" ಎಂದರು.

ಎಲ್ಲರೂ ನಕ್ಕರು. ಅಣ್ಣನೂ ನಕ್ಕ.

ನಮ್ಮದು ಮೂರು ಜನರ ಹಾರ್ಡ್ ರಾಕ್ ಬ್ಯಾಂಡ್. ಅಣ್ಣ ಗಿಟಾರ್ ನುಡಿಸುತ್ತಾ ಹಾಡುತ್ತಿದ್ದ. ಹಾಡುಗಳನ್ನೆಲ್ಲ ಕಟ್ಟಿದವನೂ ಅವನೇ. ನಾನು ಬೇಸ್. ಡ್ರಮ್ ಬಾರಿಸುವವನು ವನಗೂರಿನವನು, ಎಸ್ಟೇಟುಗಳಿಗೆ ಆಳುಗಳನ್ನು ಸಾಗಿಸುವ ಜೀಪು ಓಡಿಸುತ್ತಾನೆ. ಏಳು ವರ್ಷದಲ್ಲಿ ಇಪ್ಪತ್ಮೂರು ಕಡೆ ನುಡಿಸಿದ್ದೆವು: ಕಾಲೇಜು ವಾರ್ಷಿಕೋತ್ಸವ, ಹೋಮ್‌ಸ್ಟೇ, ಒಂದು ಬೈಕ್ ಶೋರೂಮಿನ ಉದ್ಘಾಟನೆ. ಅದರಲ್ಲಿ ಹದಿನಾಲ್ಕು ಕಡೆ ಸೌಂಡ್ ಕಮ್ಮಿ ಮಾಡಿ ಎಂದರು, ಒಂಬತ್ತು ಕಡೆ ಸಿನಿಮಾ ಹಾಡು ಕೇಳಿದರು. ನಮ್ಮ ಸ್ವಂತ ಹಾಡು ಎಂಟು. ಒಂದನ್ನೂ ಸರಿಯಾಗಿ ರೆಕಾರ್ಡ್ ಮಾಡಿರಲಿಲ್ಲ. ಮಾಡೋಣ, ಇನ್ನೂ ಚೆನ್ನಾಗಿ ಕಲಿತು ಮಾಡೋಣ ಎಂದು ಅಣ್ಣನೇ ಮುಂದೂಡುತ್ತಿದ್ದ.

ಸೆಪ್ಟೆಂಬರ್‌ನಲ್ಲಿ ಅವನೇ ಹೇಳಿದ: "ಈ ವರ್ಷ ಎಂಟೂ ಹಾಡು ಮಾಡ್ಬುಡಣ. ಕೈ ಪೂರ್ತಿ ಹೋಗೋಕೆ ಮುಂಚೆ."

ಗಂಟೆ ಲೆಕ್ಕದ ಸ್ಟುಡಿಯೊಗಳಲ್ಲಿ ಆ ಕೈ ಸಾಗುವಂತಿರಲಿಲ್ಲ. ಕೆಲವು ದಿನ ಅದು ಎರಡು ಗಂಟೆ ನೆಟ್ಟಗಿರುತ್ತಿತ್ತು, ಕೆಲವು ದಿನ ಹತ್ತು ನಿಮಿಷ. ಯಾವತ್ತು ಯಾವುದು ಎಂದು ಮೊದಲೇ ಗೊತ್ತಾಗುತ್ತಿರಲಿಲ್ಲ. ನಮ್ಮದೇ ಜಾಗ ಬೇಕಿತ್ತು. ಅಣ್ಣ ಆರಿಸಿದ್ದು ದೊಡ್ಡಪ್ಪನ ಕಾಫಿ ಸ್ಟೋರು.

ದೊಡ್ಡಪ್ಪ ಕಾಫಿ ಮಾರದವರೆಂದು ಹೆಸರಾದವರು. ಬೇರೆ ಬೆಳೆಗಾರರು ಒಣಗಿಸಿ ಮೂಟೆ ಕಟ್ಟಿದ ರೋಬಸ್ಟಾ ಚೆರ್ರಿಯನ್ನು ಆ ವರ್ಷವೇ ಕಳಿಸುತ್ತಿದ್ದರೆ ಇವರು ರೇಟು ಬರಲಿ ಎಂದು ಇಟ್ಟುಕೊಂಡು ಕೂರುತ್ತಿದ್ದರು. ರೇಟು ಬಂದರೆ ಇನ್ನೂ ಬರಲಿ ಎನ್ನುತ್ತಿದ್ದರು. ಮೂರು ವರ್ಷದ ಬೆಳೆ ಒಳಗಿತ್ತು. ಕಾಫಿ ಹಾಗೆ ಇಟ್ಟರೆ ತೂಕ ಇಳಿಯುತ್ತದೆಂದು ದೊಡ್ಡಮ್ಮ ಗೊಣಗಿ ಗೊಣಗಿ ಸುಮ್ಮನಾಗಿದ್ದರು.

"ದೊಡ್ಡಪ್ಪ, ಮೂರ್ ತಿಂಗ್ಳು ಸ್ಟೋರಲ್ಲಿ ಜಾಗ ಕೊಡ್ತೀರಾ?" ಎಂದು ಅಣ್ಣ ಕೇಳಿದ.

"ಜಾಗ ಎಲ್ಲೈತಪ್ಪ? ಮೂಟೆ ತುಂಬವೆ."

"ಮೂಟೆ ಇರ್ಲಿ ಅಂತಲೇ ಕೇಳ್ತಿರೋದು."

"ಕಾಫಿ ಮುಂದೆ ಕಚೇರಿ ಮಾಡ್ತೀರೇನ್ರೋ?"

"ಅವು ಚಪ್ಪಾಳೆ ಹೊಡೆಯಲ್ಲ, ನಡುವೆ ಎದ್ದೂ ಹೋಗಲ್ಲ ಕಣ್ರೀ, ಅದೇ ಅನುಕೂಲ" ಎಂದ ಡ್ರಮ್ಮಿನವನು.

ಖಾಲಿ ಗೋದಾಮಿನಲ್ಲಿ ಡ್ರಮ್ ಬಾರಿಸಿದರೆ ಸದ್ದು ನಾಲ್ಕು ಗೋಡೆಗೆ ಬಡಿದು ತಿರುಗಿ ಬರುತ್ತದೆ. ಮೂಟೆಗಳು ಅದನ್ನು ನುಂಗುತ್ತವೆ. ಡಿಸೆಂಬರ್ ಒಂಬತ್ತು, ಹತ್ತು, ಎರಡು ದಿನ ಆರು ಜನ ಸೇರಿ ಮೂಟೆಗಳನ್ನು ಎಳೆದು, ಎತ್ತಿ, ಸ್ಟೋರಿನ ಒಳಗೇ ಇನ್ನೊಂದು ಕೋಣೆ ಕಟ್ಟಿದೆವು. ಮುನ್ನೂರ ಹನ್ನೆರಡು ಮೂಟೆ, ಆಳೆತ್ತರದ ಗೋಡೆ. ಡ್ರಮ್ಮಿಗೆ ಒಂದು ಮೂಲೆ, ಅಣ್ಣನ ಗಿಟಾರಿನ ಸದ್ದು ಹೊರಡಿಸುವ ಆಂಪ್ ಇಡಲು ಮೂರು ಕಡೆ ಮೂಟೆ ಇರುವ ಗೂಡು. ಮೈಕು, ರೆಕಾರ್ಡ್ ಮಾಡುವ ಪೆಟ್ಟಿಗೆ ಮದುವೆ ಆರ್ಕೆಸ್ಟ್ರಾಗೆ ಸೌಂಡ್ ಹಾಕುವ ಪರಿಚಯದವರಿಂದ ತಂದೆವು. ಲ್ಯಾಪ್‌ಟಾಪು ನನ್ನದು. ಮೊದಲ ದಿನ ಡ್ರಮ್ ಬಾರಿಸಿದಾಗ ಪೆಟ್ಟು ಬಿದ್ದು ಅಲ್ಲೇ ನಿಂತಿತು, ಒಂದು ಚೂರೂ ಬಾಲ ಇಲ್ಲ. ಅಣ್ಣ ಮೂಟೆಯ ಮೇಲೆ ಕೈಯಿಟ್ಟು, "ಇಂಥಾ ರೂಮು ಎಲ್ಲೂ ಸಿಗಲ್ಲ ಕಣೇ" ಎಂದ. ಒಣ ಕಾಫಿಯ ಧೂಳಿಗೆ ಮೂವರೂ ಕೆಮ್ಮುತ್ತಿದ್ದೆವು. ಮೊದಲ ಹಾಡಿನ ಎರಡು ಟೇಕು ಕೆಟ್ಟದ್ದು ನನ್ನ ಕೆಮ್ಮಿನಿಂದ, ಬರೆದಿದ್ದೇನೆ.

ಕೆಲಸದ ಕ್ರಮ ಹೀಗಿತ್ತು. ಬೆಳಗಿನ ಹಾಲು ಮುಗಿಸಿ ಒಂಬತ್ತಕ್ಕೆ ನಾನು, ಅಣ್ಣ ಜೀಪು ಹತ್ತುತ್ತಿದ್ದೆವು. ಹೆಗ್ಗದ್ದೆಯಲ್ಲಿ ಹತ್ತರಿಂದ ಮೂರರವರೆಗೆ ನುಡಿಸುವುದು. ನಾಲ್ಕರ ನಂತರ ಆ ದಾರಿಯಲ್ಲಿ ಆನೆ ಇದೆಯೆಂದು ಅರಣ್ಯ ಇಲಾಖೆಯಿಂದ ಫೋನಿಗೆ ಮೆಸೇಜು ಬರತೊಡಗುತ್ತದೆ, ಸಂಜೆ ಹಾಲಿಗೆ ನಾನೂ ವಾಪಸಾಗಬೇಕು. ಅಣ್ಣ ಎಸ್ಟೇಟಿನಿಂದ ರಜೆ ಹಾಕಿದ್ದ, ಆಮೇಲೆ ಅವರೇ ಬೇರೆ ರೈಟರನ್ನು ಇಟ್ಟುಕೊಂಡರು.

ಅವನದು ಎರಡು ಕಟ್ಟುನಿಟ್ಟು. ಒಂದು, ಮೂವರೂ ಒಟ್ಟಿಗೆ, ಹಾಡು ಮೊದಲಿಂದ ಕಡೆಯವರೆಗೆ ಒಂದೇ ಸಲ. ತಪ್ಪಿದರೆ ಮತ್ತೆ ಮೊದಲಿಂದ. ಈಗಿನವರು ಒಂದೊಂದು ತುಣುಕನ್ನು ನುಡಿಸಿ ಕಂಪ್ಯೂಟರಿನಲ್ಲಿ ಅಂಟಿಸುತ್ತಾರೆ, ಯಾರಿಗೂ ತಿಳಿಯುವುದಿಲ್ಲ. ನಾವೂ ಹಾಗೆ ಮಾಡೋಣವೆಂದು ನಾನು ಮೊದಲ ವಾರವೇ ಹೇಳಿದ್ದೆ.

"ಜೋಡಿಸಿದ್ರೆ ಕೈ ಇತ್ತೋ ಇಲ್ವೋ ಹೆಂಗೆ ಗೊತ್ತಾಗೋದು?" ಎಂದ. "ನಂಗೆ ಆಲ್ಬಂ ಬೇಕಿರೋದೇ ಅದಕ್ಕೆ. ನಾಳೆ ಪೂರ್ತಿ ಹೋದ್ಮೇಲೆ, ಇಗೋ ಇಷ್ಟು ನುಡಿಸ್ತಿದ್ದೆ ಅಂತ ಒಂದು ಐತಲ್ಲ, ಅಷ್ಟು ಸಾಕು."

ಎರಡನೆಯದು, ಕೆಟ್ಟ ಟೇಕನ್ನು ಅಲ್ಲೇ ಅಳಿಸಿಬಿಡಬೇಕು. ಇದ್ದರೆ ಆಸೆಯಾಗುತ್ತದೆ ಎಂದು. ನಾನು ಹ್ಞೂಂ ಎಂದೆ. ಅಳಿಸಲಿಲ್ಲ. ಕಪಟದಿಂದಲ್ಲ, ನನ್ನ ಕೈ ಬರಲಿಲ್ಲ. ಹಾಲಿನ ಸ್ಯಾಂಪಲ್ ಕೆಟ್ಟರೂ ನಾನು ಚೀಟಿ ಬಿಸಾಡುವವಳಲ್ಲ. ಪ್ರತಿ ಟೇಕನ್ನೂ ನಂಬರು ಹಾಕಿ ಒಂದು ಹಾರ್ಡ್ ಡಿಸ್ಕಿನಲ್ಲಿ ಇಟ್ಟೆ. ಪುಸ್ತಕದಲ್ಲಿ ಎದುರಿಗೆ ಬರೆದೆ: ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡು, ಯಾರ ತಪ್ಪು, ಯಾವ ಬೆರಳು.

ಮೊದಲ ಹಾಡು ಡಿಸೆಂಬರ್ ಹದಿನೆಂಟಕ್ಕೆ, ಆರನೇ ಟೇಕಿನಲ್ಲಿ ಸರಿಯಾಯಿತು. ಎರಡನೆಯದು ಇಪ್ಪತ್ತೊಂಬತ್ತಕ್ಕೆ, ಹನ್ನೊಂದನೇ ಟೇಕು. ಮೂರನೆಯದು ಜನವರಿ ಹನ್ನೆರಡು, ಹತ್ತೊಂಬತ್ತನೇ ಟೇಕು. ಮೂರರ ಎದುರೂ ನಾನು 'ಸರಿ' ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೇನೆ. ಆರು, ಹನ್ನೊಂದು, ಹತ್ತೊಂಬತ್ತು. ಈ ಸಂಖ್ಯೆಗಳು ಎತ್ತ ಹೋಗುತ್ತಿವೆ ಎಂಬುದು ಪುಸ್ತಕ ಬರೆಯುತ್ತಿದ್ದ ನನಗೆ ಎಲ್ಲರಿಗಿಂತ ಮೊದಲು ಗೊತ್ತಾಗಬೇಕಿತ್ತು. ಗೊತ್ತಾಗಿತ್ತು. ಹೇಳಲಿಲ್ಲ.

ನಾಲ್ಕನೇ ಹಾಡು ಅಣ್ಣನಿಗೆ ಎಲ್ಲಕ್ಕಿಂತ ಇಷ್ಟದ್ದು. ಐದು ನಿಮಿಷ ಎರಡು ಸೆಕೆಂಡಿನದು. ಕೊನೆಯ ಒಂದೂವರೆ ನಿಮಿಷ ಹಾಡಿಲ್ಲ, ಗಿಟಾರ್ ಮಾತ್ರ ಏರುತ್ತಾ ಏರುತ್ತಾ ಹೋಗುತ್ತದೆ, ನಾನೂ ಡ್ರಮ್ಮೂ ಕೆಳಗೆ ಒಂದೇ ಸಮ ಬಡಿಯುತ್ತಿರಬೇಕು. ಜನವರಿ ಹದಿನಾರಕ್ಕೆ ಶುರು ಮಾಡಿದೆವು. ಒಂದು ದಿನ ಎರಡು ಟೇಕು, ಒಂದು ದಿನ ನಾಲ್ಕು, ಒಂದು ದಿನ ಬರೀ ಬಿಸಿನೀರಿನಲ್ಲಿ ಕೈ ಇಟ್ಟುಕೊಂಡು ಕೂತದ್ದು. ಕೆಲವು ಶುರುವಿನಲ್ಲೇ ಕೆಟ್ಟವು. ಕೆಲವು ಕೊನೆಯ ಅರ್ಧ ನಿಮಿಷದಲ್ಲಿ. ಬೆರಳು ಮಡಚಿಕೊಂಡಾಗ ಅಣ್ಣ ಬಯ್ಯುತ್ತಿರಲಿಲ್ಲ. ಬಲಗೈಯಿಂದ ಆ ಬೆರಳನ್ನು ಹಿಡಿದು ನೆಟ್ಟಗೆ ಮಾಡಿ, ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು, "ಹ್ಞೂಂ, ಇನ್ನೊಂದ್ಸಲ" ಎನ್ನುತ್ತಿದ್ದ. ಡ್ರಮ್ಮಿನವನು ಅದುವರೆಗೂ ತಮಾಷೆ ನಿಲ್ಲಿಸಿರಲಿಲ್ಲ. "ನಿಧಾನ ಮಾರಾಯ, ನಿಮ್ ದೊಡ್ಡಪ್ಪ ಕಾಫಿ ಮಾರೋ ಹೊತ್ತಿಗೆ ಎಂಟೂ ಹಾಡು ಮುಗ್ದು ಎರಡ್ನೇ ಆಲ್ಬಮ್ಮೂ ಆಗಿರ್ತದೆ" ಎನ್ನುತ್ತಿದ್ದ.

ಅದನ್ನೇ ನಾವು ಮೂವರೂ ನಂಬಿದ್ದೆವು. ಮಾರದ ದೊಡ್ಡಪ್ಪನ ಕಾಫಿ ನಮಗೆ ಸಿಮೆಂಟಿನ ಗೋಡೆಯಷ್ಟೇ ಗಟ್ಟಿ ಅನಿಸಿತ್ತು.

ಫೆಬ್ರವರಿ ಐದಕ್ಕೆ ಮೂವತ್ತೇಳನೇ ಟೇಕು. ಆರನೇ ತಾರೀಕು ನಾವು ಹೋದಾಗ ಸ್ಟೋರಿನ ಬಾಗಿಲಿಗೆ ಹಿಂಬದಿ ಕೊಟ್ಟು ಲಾರಿ ನಿಂತಿತ್ತು. ಡ್ರಮ್ಮುಗಳನ್ನು ಅಂಗಳದಲ್ಲಿ ಹಲಸಿನ ಮರದ ಕೆಳಗೆ ಜೋಡಿಸಿದ್ದರು, ಮೈಕುಗಳನ್ನು ದೊಡ್ಡಮ್ಮ ಮಂಕರಿಯಲ್ಲಿ ಹಾಕಿ ಟವೆಲ್ ಮುಚ್ಚಿದ್ದರು. ದೊಡ್ಡಪ್ಪ ಶೇವ್ ಮಾಡಿಕೊಂಡು, ಇಸ್ತ್ರಿಯ ಅಂಗಿ ಹಾಕಿಕೊಂಡು ನಿಂತಿದ್ದರು.

"ಇಂಥಾ ರೇಟು ನಾನ್ ಹುಟ್ಟಿದ್ಮೇಲೆ ನೋಡಿಲ್ಲ ಕಣೋ. ಕಣದಾಗಿರೋ ಹೊಸ ಬೆಳೆನೂ ಒಣಗಿದಂಗೆ ಕಳ್ಸ್‌ಬುಡ್ತೀನಿ. ಇವತ್ತು ಬುಟ್ರೆ ನಾನು ಮುಠ್ಠಾಳ."

ಅಣ್ಣ ಏನು ಹೇಳಬಹುದಿತ್ತು? ಮೂರು ವರ್ಷ ಕಾದವರು ಅವರು. "ಒಳ್ಳೇದಾಯ್ತು ದೊಡ್ಡಪ್ಪ" ಎಂದ. ನಿಜವಾಗಿಯೂ ಹಾಗೆಯೇ ಅಂದ.

ಮೂಟೆ ಎಣಿಸಲು ಒಬ್ಬರು ಬೇಕಿತ್ತು. "ನೀನ್ ನಿಂತ್ಕೊಳಮ್ಮ, ನಿನ್ ಲೆಕ್ಕ ತಪ್ಪಲ್ಲ" ಎಂದು ದೊಡ್ಡಪ್ಪ ನನ್ನನ್ನು ಲಾರಿಯ ಪಕ್ಕ ನಿಲ್ಲಿಸಿದರು. ಟೇಕು ಬರೆಯುವ ಪುಸ್ತಕದಲ್ಲೇ ಹೊಸ ಪುಟ ತೆಗೆದು ನಾಲ್ಕು ಗೀಟು, ಅಡ್ಡ ಒಂದು, ನಾಲ್ಕು ಗೀಟು, ಅಡ್ಡ ಒಂದು ಎಂದು ಎಳೆಯುತ್ತಾ ಹೋದೆ. ಮೊದಲು ಡ್ರಮ್ಮಿನ ಮೂಲೆ ಹೋಯಿತು, ಆಮೇಲೆ ಆಂಪಿನ ಗೂಡು. ಮುನ್ನೂರ ಹನ್ನೆರಡು. ಲೆಕ್ಕ ತಪ್ಪಲಿಲ್ಲ. ಲಾರಿ ಹೋದ ಮೇಲೆ ಅಣ್ಣ ಖಾಲಿ ಸ್ಟೋರಿನ ನಡುವೆ ನಿಂತು ಒಂದು ಸಲ ಚಪ್ಪಾಳೆ ತಟ್ಟಿದ. ಅದು ಐದಾರು ಸಲ ಕೇಳಿಸಿತು.

ಬಿಡಲಿಲ್ಲ. ಖಾಲಿ ಗೋಣಿಚೀಲ ನೇತುಹಾಕಿದೆವು, ಹಾಸಿಗೆ ತಂದು ನಿಲ್ಲಿಸಿದೆವು, ಜೀಪಿನ ಟಾರ್ಪಾಲು ಕಟ್ಟಿದೆವು. ಸದ್ದು ಸ್ವಲ್ಪ ಇಳಿಯಿತು, ಆದರೆ ಮೊದಲಿನ ಮೂರು ಹಾಡಿನ ಪಕ್ಕದಲ್ಲಿ ಇದನ್ನು ಇಟ್ಟರೆ ಬೇರೆ ಯಾರೋ ಬಾವಿಯೊಳಗಿಂದ ನುಡಿಸಿದ ಹಾಗಿತ್ತು. ಸದ್ದಿನ ಮಾತು ಹಾಗಿರಲಿ. ಫೆಬ್ರವರಿ ಹತ್ತರಿಂದ ಮಾರ್ಚ್ ಇಪ್ಪತ್ತರವರೆಗೆ ಖಾಲಿ ಸ್ಟೋರಿನಲ್ಲಿ ನಲವತ್ನಾಲ್ಕು ಟೇಕು. ಪೂರ್ತಿ ಆದದ್ದು ಸೊನ್ನೆ. ಕೊನೆಯ ಹತ್ತು ಟೇಕುಗಳಲ್ಲಿ ಒಂದೂ ಎರಡು ನಿಮಿಷ ದಾಟಿಲ್ಲ.

ಮಾರ್ಚ್ ಇಪ್ಪತ್ತರಂದು ಜೀಪಿನಲ್ಲಿ ವಾಪಸು ಬರುವಾಗ ಅಣ್ಣ, "ಮೂರು ಹಾಡು. ಅದೂ ಒಂದು ಲೆಕ್ಕಾನೇ ಅಲ್ವಾ?" ಎಂದು ನನ್ನನ್ನು ಕೇಳಿದ.

ಮಾರನೆಯ ದಿನದಿಂದ ಮೂರು ದಿನ, ಬೆಳಗಿನ ಹಾಲಿಗೂ ಸಂಜೆಯ ಹಾಲಿಗೂ ನಡುವೆ, ಡೇರಿಯ ಹಿಂದಿನ ಕೋಣೆಯಲ್ಲಿ ಕೂತು ನಾನು ನಾಲ್ಕನೇ ಹಾಡನ್ನು ಕಟ್ಟಿದೆ. ಮೂಟೆ ಇದ್ದಾಗಿನ ಮೂವತ್ತೇಳು ಟೇಕೂ ನನ್ನಲ್ಲಿದ್ದವು. ಡ್ರಮ್ಮಿನವನು ಕಿವಿಯಲ್ಲಿ ಟಕ್ ಟಕ್ ಎಂಬ ಎಣಿಕೆ ಕೇಳಿಸಿಕೊಂಡೇ ಬಾರಿಸುತ್ತಿದ್ದುದರಿಂದ ಎಲ್ಲದರ ವೇಗ ಒಂದೇ. ಯಾವ ಸಾಲು ಯಾವ ಟೇಕಿನಲ್ಲಿ ಸರಿ ಇದೆಯೆಂದು ಪುಸ್ತಕವೇ ಹೇಳುತ್ತಿತ್ತು. ಒಂಬತ್ತು ಟೇಕುಗಳಿಂದ ತುಣುಕು ತೆಗೆದೆ, ಹದಿನಾಲ್ಕು ಕಡೆ ಕತ್ತರಿಸಿ ಅಂಟಿಸಿದೆ. ಐದು ನಿಮಿಷ ಎರಡು ಸೆಕೆಂಡು. ನಾನೇ ಕಣ್ಣು ಮುಚ್ಚಿ ಕೇಳಿದರೂ ಒಂದು ಅಂಟೂ ತಿಳಿಯಲಿಲ್ಲ.

ಮಾರ್ಚ್ ಇಪ್ಪತ್ನಾಲ್ಕರಂದು ಮಧ್ಯಾಹ್ನ ಊಟವಾದ ಮೇಲೆ ಅವನಿಗೆ ಕೇಳಿಸಿದೆ. ಅವನು ಹೆಡ್‌ಫೋನ್ ಹಾಕಿಕೊಂಡು ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದ. ಕೊನೆಯ ಒಂದೂವರೆ ನಿಮಿಷ ಬಂದಾಗ ಅವನ ಬಾಯಿ ಸ್ವಲ್ಪ ತೆರೆಯಿತು. ಮುಗಿದ ಮೇಲೆ ಹೆಡ್‌ಫೋನ್ ತೆಗೆಯದೆಯೇ ಜೋರಾಗಿ ಕೇಳಿದ:

"ಇದು ಎಷ್ಟನೇದು?"

ಸಂಖ್ಯೆ ಕೇಳುತ್ತಾನೆಂದು ನಾನು ಯೋಚಿಸಿಯೇ ಇರಲಿಲ್ಲ.

"ಇಪ್ಪತ್ತೆರಡು" ಎಂದೆ. "ಅಳಿಸೋಕೆ ಮರೆತಿದ್ದೆ. ಆವತ್ತು ನಾವು ಸರಿಯಾಗಿ ಕೇಳ್ಲೇ ಇಲ್ಲ ಅನ್ಸುತ್ತೆ."

ಅವನು ಅವ್ವನನ್ನು ಕರೆದು ಅವಳ ಕಿವಿಗೂ ಇಟ್ಟ. "ನೋಡವ್ವ, ನಿನ್ ಮಗ." ಅವ್ವ ಒಂದು ನಿಮಿಷ ಕೇಳಿ, ತಲೆನೋವು ಬರುತ್ತದೆ ಎಂದು ತೆಗೆದಳು, ಆದರೆ ನಗುತ್ತಿದ್ದಳು. ಆ ದಿನದ ಪುಟದಲ್ಲಿ ಹೀಗಿದೆ: "ಅಣ್ಣ ಆರು ಸಲ ಕೇಳಿದ. ರಾತ್ರಿ ಎರಡು ಸಲ ಅನ್ನ ಹಾಕಿಸಿಕೊಂಡ." ಇಪ್ಪತ್ತೆರಡು ಎಂಬ ಸಂಖ್ಯೆಯನ್ನು ನಾನು ಪುಸ್ತಕದಲ್ಲಿ ತಿದ್ದಲಿಲ್ಲ. ಬಾಯಲ್ಲಿ ಹೇಳಿದ್ದೆ, ಬರೆಯಲು ಆಗಲಿಲ್ಲ.

ನಾನು ಅಂದುಕೊಂಡದ್ದು ಏನೆಂದರೆ, ಇದು ಸಿಕ್ಕರೆ ಅವನು ನಿಲ್ಲಿಸುತ್ತಾನೆ ಎಂದು. ನಾಲ್ಕು ಹಾಡು ಸಾಕು ಎಂದು ಸಮಾಧಾನ ಮಾಡಿಕೊಳ್ಳುತ್ತಾನೆ ಎಂದು. ಅವನು ಅಂದುಕೊಂಡದ್ದು ಬೇರೆ. ಜನವರಿ ಕೊನೆಯ ಹೊತ್ತಿಗೆ ಬೆರಳು ಎಷ್ಟು ಕೆಟ್ಟಿತ್ತೆಂದು ಅವನಿಗೆ ಗೊತ್ತಿತ್ತು. ಅಂಥ ಕೈಯಲ್ಲೇ ಐದು ನಿಮಿಷ ಎರಡು ಸೆಕೆಂಡು ಹೀಗೆ ನುಡಿಸಿದ್ದೇನೆ ಎಂದರೆ ಡಾಕ್ಟರು ಹೇಳಿದ್ದು ಸುಳ್ಳು.

"ಕೈಯಲ್ಲಿ ಐತೆ ಕಣೇ, ತಲೇಲಿ ಭಯ ಕೂತೈತೆ. ಅಷ್ಟೇ" ಎಂದ.

ಅದಕ್ಕೆ ಮುಂಚೆ ಅವನು ಬಿಡುವು ಕೊಟ್ಟು ಕೊಟ್ಟು ದಿನಕ್ಕೆ ಎರಡು ಗಂಟೆ ನುಡಿಸುತ್ತಿದ್ದ. ಏಪ್ರಿಲ್‌ನಲ್ಲಿ ಆರು ಗಂಟೆ, ಕೆಲವು ದಿನ ಏಳು. ನಾನು ಅಂಟಿಸಿದ ಹಾಡನ್ನು ಹಾಕಿಕೊಂಡು, ಅದರ ಜೊತೆ ನುಡಿಸುವುದು. ಅದರಲ್ಲಿ ಒಂದು ಕಡೆ ಮೂವತ್ತೊಂದನೇ ಟೇಕಿನಿಂದ ಒಂಬತ್ತನೇ ಟೇಕಿಗೆ ನಾನು ಹಾರಿದ್ದೆ, ಎರಡರಲ್ಲೂ ತಂತಿಯ ಮೇಲೆ ಅವನು ಕೈಯಿಟ್ಟ ಜಾಗ ಬೇರೆ ಬೇರೆ. ಯಾರ ಕೈಯೂ ಅಷ್ಟು ಬೇಗ ಅಲ್ಲಿಂದ ಇಲ್ಲಿಗೆ ಬರಲಾರದು, ಚೆನ್ನಾಗಿರುವ ಕೈಯೂ. ಅವನು ಅದನ್ನು ಹಿಡಿಯಲು ನೋಡುತ್ತಿದ್ದ. "ಆವತ್ತು ಹೆಂಗ್ ಮಾಡ್ದೆ ನಾನು ಇದನ್ನ?" ಎಂದು ಅಡುಗೆಮನೆಗೆ ಬಂದು ನನ್ನನ್ನು ಕೇಳುತ್ತಿದ್ದ. ಏಪ್ರಿಲ್ ಹತ್ತೊಂಬತ್ತರ ನಮೂದು: "ನಡುಬೆರಳೂ." ಒಂದೇ ಪದ.

ಏಪ್ರಿಲ್ ಕೊನೆಗೆ ಡ್ರಮ್ಮಿನವನು ಡೇರಿಯ ಮುಂದೆ ಜೀಪು ನಿಲ್ಲಿಸಿ ನನ್ನನ್ನು ಹೊರಗೆ ಕರೆದ. ಅಣ್ಣ ಅವನಿಗೂ ಹಾಡು ಕಳಿಸಿದ್ದ.

"ಇಪ್ಪತ್ತೆರಡು ಅಂದ್ಯಂತೆ?"

"ಹ್ಞೂಂ."

"ಇಪ್ಪತ್ತೆರಡ್ರಲ್ಲಿ ನನ್ ಕಡ್ಡಿ ಮುರಿದಿತ್ತು ಮಾರಾಯ್ತಿ. ನಿಮ್ಮಣ್ಣನ ಕಾಲ್ ಹತ್ರ ಹೋಗಿ ಬಿತ್ತು, ಅಲ್ಲಿಗೇ ನಿಲ್ಸುದ್ವಿ. ಅವನಿಗೆ ನೆನಪಿಲ್ಲ, ನಂಗೈತೆ."

ನಾನು ಪುಸ್ತಕ ನೋಡುವ ಅಗತ್ಯವಿರಲಿಲ್ಲ. 'ಒಂದು ನಿಮಿಷ ಹನ್ನೆರಡು ಸೆಕೆಂಡು, ಡ್ರಮ್ ಕಡ್ಡಿ' ಎಂದು ನಾನೇ ಬರೆದಿದ್ದೆ. ಸುಳ್ಳು ಹೇಳುವಾಗ ಬಾಯಿಗೆ ಬಂದ ಸಂಖ್ಯೆ ಹೇಳಿದ್ದೆ.

"ಹೇಳ್ಬುಡು" ಎಂದ. "ನಾನ್ ಹೇಳಲ್ಲ. ಆದ್ರೆ ಅವನು ಕೈ ಪೂರ್ತಿ ತೆಗ್ದು ಬುಡ್ತಾನೆ, ನೀನ್ ಮಾಡಿದ್ದನ್ನ ಹಿಡಿಯಾಕ್ ಹೋಗಿ."

ಮೇ ಮೂರಕ್ಕೆ ಹೇಳಿದೆ. ಅಣ್ಣ ಗಿಟಾರಿನ ಮೇಲೆ ಬಗ್ಗಿಕೊಂಡೇ ಕೇಳಿದ.

"ಎಷ್ಟು ಕಡೆ?"

"ಹದಿನಾಲ್ಕು."

"ತೋರ್ಸು."

ಪರದೆಯ ಮೇಲೆ ಒಂದೊಂದಾಗಿ ತೋರಿಸಿದೆ. ಅವನಿಗೆ ಕಿವಿಯಲ್ಲಿ ಒಂದೂ ಗೊತ್ತಾಗಲಿಲ್ಲ, ಗೆರೆ ನೋಡಿಯೇ ತಿಳಿಯಬೇಕಾಯಿತು. ಬಯ್ಯುತ್ತಾನೆ ಎಂದು ಕಾದೆ. "ಚೆನ್ನಾಗ್ ಮಾಡಿದ್ದೀಯ" ಎಂದ. ಆಮೇಲೆ, "ಎಲ್ಲಾ ಇಟ್ಟಿದ್ದೀಯಾ? ಮೂವತ್ತೇಳೂ?"

"ಎಲ್ಲಾ ಐತೆ. ಎಲ್ಲಾ ಹಾಡಿಂದೂ."

"ನಾಳೆ ಹಾಕು. ಮೊದ್ಲಿಂದ."

ಮೇ ನಾಲ್ಕು, ಭಾನುವಾರ, ಬೆಳಗ್ಗೆ ಹತ್ತಕ್ಕೆ ಕೂತೆವು. ಒಂದರಿಂದ ಮೂವತ್ತೇಳರವರೆಗೆ ಒಟ್ಟು ಒಂದು ಗಂಟೆ ನಲವತ್ತು ನಿಮಿಷ. ಅಣ್ಣ ಕಣ್ಣು ಮುಚ್ಚಿಕೊಂಡು ಕೇಳಿದ. ಪ್ರತಿ ಟೇಕು ನಿಂತಾಗ "ಮುಂದೆ" ಎನ್ನುತ್ತಿದ್ದ. ಮುಗಿದ ಮೇಲೆ ನಾವು 'ಸರಿ' ಎಂದು ಇಟ್ಟುಕೊಂಡಿದ್ದ ಮೊದಲ ಹಾಡನ್ನೂ ಹಾಕಲು ಹೇಳಿದ. ಡಿಸೆಂಬರ್ ಹದಿನೆಂಟರದು, ಆರನೇ ಟೇಕು. ಒಂದು ನಿಮಿಷದೊಳಗೆ ನಿಲ್ಲಿಸು ಎಂದು ಕೈಯೆತ್ತಿದ.

"ಇಲ್ಲಿ ಉಂಗುರ ಬೆರಳು ಇಡ್ಬೇಕಿತ್ತು" ಎಂದ. "ನಡುಬೆರಳನ್ನೇ ಎಳ್ದು ಎಳ್ದು ಇಟ್ಟಿದ್ದೀನಿ. ಸ್ವರ ಬಂದೈತೆ, ಆದ್ರೆ ಆ ಜಾರು ಇಲ್ಲ. ಕೇಳಿಸ್ತಾ?"

ನನಗೆ ಕೇಳಿಸಲಿಲ್ಲ. ಅವನು ಇನ್ನೂ ಎರಡು ಜಾಗ ತೋರಿಸಿದ. ಎರಡನೇ ಹಾಡಿನಲ್ಲಿ ಐದು. ಮೂರನೆಯದನ್ನು ಹಾಕಲು ಹೇಳಲಿಲ್ಲ.

"ಆಗ್ಲೇ ಹೋಗಿತ್ತು ಕಣೇ. ನಾವ್ ಮೂಟೆ ಜೋಡ್ಸೋಕೆ ಮುಂಚೇನೇ ಹೋಗಿತ್ತು. ನಾನು ಅದನ್ನ ಬುಟ್ಟು ದಾರಿ ಹುಡುಕ್ಕೊಂಡು ನುಡಿಸ್ತಿದ್ದೆ, ನಂಗೇ ಗೊತ್ತಾಗ್ದಂಗೆ."

"ಹಂಗಂದ್ರೆ ಹಳೇ ರೆಕಾರ್ಡಿಂಗು ಯಾವ್ದಾದ್ರೂ? ಫೋನಲ್ಲಿ ತೆಗ್ದಿದ್ದು?"

"ಅದ್ರಲ್ಲಿ ಜನ ಮಾತಾಡೋದು ಬುಟ್ರೆ ಏನೈತೆ?"

ಇಪ್ಪತ್ಮೂರು ಕಾರ್ಯಕ್ರಮಗಳಲ್ಲಿ ಹನ್ನೊಂದರ ವಿಡಿಯೊ ನನ್ನ ಬಳಿ ಇದ್ದವು. ಆ ವಾರ ಹನ್ನೊಂದನ್ನೂ ನೋಡಿದೆ. ಅವನು ಹೇಳಿದ್ದು ನಿಜ. ತಟ್ಟೆಗಳ ಸದ್ದು, ಯಾರದೋ ಸೀಟಿ, ಒಡೆದ ಸ್ಪೀಕರು. ನಡುವೆ ಎಲ್ಲೋ ದೂರದಲ್ಲಿ ಅಣ್ಣನ ಕೈ, ಐದು ಬೆರಳೂ ಸರಿ ಇದ್ದಾಗಿನದು.

ಅವನು ಗಿಟಾರ್ ಮುಟ್ಟುವುದು ನಿಲ್ಲಿಸಿದ. ಮೇ ಹನ್ನೆರಡರಿಂದ ದೊಡ್ಡಪ್ಪನ ತೋಟದಲ್ಲಿ ಆಳುಗಳ ಮೇಲ್ವಿಚಾರಣೆಗೆ ಹೋಗತೊಡಗಿದ. ಗಿಡದ ಬೇಡದ ಚಿಗುರು ಚಿವುಟುವ ಕೆಲಸ, ಅದಕ್ಕೆ ಬೆರಳು ಚೆನ್ನಾಗಿಯೇ ಇದ್ದವು. ಮೂರು ಹಾಡನ್ನು ಏನು ಮಾಡಲಿ ಎಂದು ಕೇಳಿದಾಗ, "ನಿಂಗೆ ಬೇಕಾದ್ರೆ ಹಾಕು" ಎಂದ. ನಾಲ್ಕನೆಯದರ ಮಾತು ನಾನು ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಹಾಸನದಲ್ಲಿ ಮಿಕ್ಸಿಂಗ್ ಮಾಡುವವರೊಬ್ಬರಿಗೆ ಮೂರನ್ನೂ ಕಳಿಸಿದೆ. ಮೂರು ಹಾಡಿಗೆ ಆಲ್ಬಂ ಅನ್ನಲ್ಲ ಮೇಡಂ ಎಂದು ಅವರು ಫೋನಿನಲ್ಲಿ ಹೇಳಿದರು. ಆದರೂ ಕೆಲಸ ಮಾಡಿಕೊಟ್ಟರು. ನಾನು ಅದನ್ನು ಇಂಟರ್‌ನೆಟ್ಟಿಗೆ ಹಾಕಿದೆ. ಮೊದಲ ತಿಂಗಳು ಕೇಳಿದವರು ತೊಂಬತ್ತೊಂದು ಜನ. ಅದರಲ್ಲಿ ಎಷ್ಟು ಸಲ ನಾನೇ ಎಂಬುದೂ ನನ್ನಲ್ಲಿ ಬರೆದಿದೆ.

ಜೂನ್ ಹದಿನಾಲ್ಕರ ಬೆಳಗ್ಗೆ ದೊಡ್ಡಮ್ಮನನ್ನು ನೋಡಲು ನಾನೂ ಹೆಗ್ಗದ್ದೆಗೆ ಹೊರಟೆ. ಜೀಪಿನ ಹಿಂದೆ ಕೆಲಸಕ್ಕೆ ಹೋಗುವ ಹೆಂಗಸರು ಒಂಬತ್ತು ಜನ, ಅವರ ನಡುವೆ ನಾನು. ಮುಂದೆ ಡ್ರಮ್ಮಿನವನ ಪಕ್ಕ ಅಣ್ಣ. ಡ್ರಮ್ಮಿನವನ ಫೋನಿನಲ್ಲಿ ಹಾಡುಗಳು ಒಂದಾದ ಮೇಲೊಂದು ಬರುತ್ತಿದ್ದವು. ಒಂದು ಸಿನಿಮಾ ಹಾಡು ಮುಗಿದು ಇದ್ದಕ್ಕಿದ್ದಂತೆ ನಮ್ಮ ಮೂರನೇ ಹಾಡು ಶುರುವಾಯಿತು. ಡ್ರಮ್ಮಿನವನು ಬೆಚ್ಚಿ ಫೋನಿಗೆ ಕೈ ಹಾಕಿದ.

"ಇರ್ಲಿ ಬುಡು" ಎಂದ ಅಣ್ಣ.

"ಇದ್ಯಾವ್ದಣ್ಣ, ಹಿಂಗೆ ಕೂಗ್ತಾನೆ?" ಎಂದು ಹಿಂದಿನಿಂದ ಒಬ್ಬಾಕೆ ಕೇಳಿದಳು.

"ಯಾವನೋ ನಮ್ ಕಡೆಯೋನೇ ಕಣಕ್ಕ" ಎಂದ ಡ್ರಮ್ಮಿನವನು.

"ಗಂಟ್ಲು ಹರ್ಕೊಂಡ್ರೂ ಗಿಟಾರ್ ಚೆನ್ನಾಗಿ ಬಾರಿಸ್ತಾನೆ ಕಣೇಳು" ಎಂದಳು ಇನ್ನೊಬ್ಬಳು.

ನಾನು ಕೂತ ಜಾಗದಿಂದ ಅಣ್ಣನ ಎಡಗೈ ಕಾಣುತ್ತಿತ್ತು. ಅದು ಅವನ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಗಿಟಾರ್ ಇರಲಿಲ್ಲ, ಹತ್ತಿರದಲ್ಲೆಲ್ಲೂ ಇರಲಿಲ್ಲ. ಹಾಡು ಎರಡನೇ ಸಾಲಿಗೆ ಬಂದಾಗ ಉಂಗುರ ಬೆರಳು ನಿಧಾನ ಒಳಕ್ಕೆ ಸರಿಯಿತು. ಅದರ ಹಿಂದೆ ಕಿರುಬೆರಳು. ಆಮೇಲೆ ನಡುಬೆರಳು. ಅಣ್ಣ ಕೆಳಗೆ ನೋಡಿದ. ಬಲಗೈಯಿಂದ ಅವನ್ನು ನೆಟ್ಟಗೆ ಮಾಡಲು ಹೋಗಲಿಲ್ಲ. ಕೈಯನ್ನು ಎತ್ತಿ ತೊಡೆಯ ಕೆಳಗೆ ಸೇರಿಸಿ, ಅದರ ಮೇಲೆ ತನ್ನ ಭಾರ ಹಾಕಿ ಕೂತ.

ಮೂರನೇ ಹಾಡು ನಾಲ್ಕು ನಿಮಿಷ ಹನ್ನೊಂದು ಸೆಕೆಂಡಿನದು. ಅದು ಪೂರ್ತಿ ಮುಗಿಯುವವರೆಗೂ ಯಾರೂ ನಿಲ್ಲಿಸಲಿಲ್ಲ.